ಹಳದಿ ಚೆಂಡಿನ ತಂಡದವರ ಹೆಸರು ಉಳಿಯಲಿ

ಮಾನ್ಯ ಸಂಪಾದಕರೇ,

ಸಿರುಗುಪ್ಪದಲ್ಲಿ ಈಚೆಗೆ ನಡೆದ ಸಮಾರಂಭವೊಂದರಲ್ಲಿ ಮಾತನಾಡಿದ ಹಿರಿಯರೊಬ್ಬರು, ಭತ್ತಕ್ಕೆ ಹೆಸರಾದ ಈ ಊರಿನಲ್ಲಿ ಆಟೋಟಗಳೆಲ್ಲ ಮೊನ್ನೆ ಮೊನ್ನೆ ಶುರುವಾದವು ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ಸಭೆಯಲ್ಲಿದ್ದ ಒಬ್ಬರೂ 'ಹಾಗಲ್ಲ' ಎನ್ನದೆ ಹೋದದ್ದು ನನ್ನನ್ನು ಕಾಡಿತು. ಅರವತ್ತರ ದಶಕದಲ್ಲಿ ನಮ್ಮೂರಿಗೆ ಒಂದು ಬಾಲ್ ಬ್ಯಾಡ್ಮಿಂಟನ್ ತಂಡವಿತ್ತು. ಅದರ ಚೆಂಡಿನ ಡಬ್ಬಿ ಹೊರುತ್ತಿದ್ದ ಹುಡುಗ ನಾನು.

ಈಗಿನ ಮಕ್ಕಳಿಗೆ ಬ್ಯಾಡ್ಮಿಂಟನ್ ಎಂದರೆ ಶಟಲ್ ಒಂದೇ. ಇದು ಬಯಲಿನಲ್ಲಿ ಐದೈದು ಮಂದಿ ಹಳದಿ ಉಣ್ಣೆಯ ಚೆಂಡಿನಿಂದ ಆಡುವ ಆಟ. ತಂಜಾವೂರಿನ ಕಡೆಯಿಂದ ಬಂದು ಮದ್ರಾಸ್ ಪ್ರಾಂತ್ಯದಲ್ಲಿ ಬೇರೂರಿದ ಈ ಆಟ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಭಾಗವೇ ಆಗಿದ್ದ ಬಳ್ಳಾರಿ ಸೀಮೆಗೆ ಹೊಸದಾಗಿರಲಿಲ್ಲ. ಅಖಿಲ ಭಾರತ ಮಟ್ಟದ ಫೆಡರೇಷನ್ ಹುಟ್ಟಿದ್ದು 1954ರಲ್ಲಿ.

ತಂಡದ ಐವರಲ್ಲಿ ಒಬ್ಬರಾದ ನಮ್ಮ ತಂದೆಯವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಉಳಿದವರಲ್ಲಿ ಇಬ್ಬರು ಮೇಷ್ಟ್ರು, ಒಬ್ಬರು ಅಂಚೆಯವರು, ಒಬ್ಬರು ಟೈಲರ್. ಯಾರಿಗೂ ಆಟದಿಂದ ಒಂದು ಕಾಸು ಬರುತ್ತಿರಲಿಲ್ಲ. ಚೆಂಡು, ನೆಟ್ಟು, ಬಸ್ ಚಾರ್ಜು ಎಲ್ಲಕ್ಕೂ ತಮ್ಮ ತಮ್ಮ ಜೇಬಿನಿಂದಲೇ ಪಟ್ಟಿ ಹಾಕಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಮುಂಚೆಯೇ ಬಂದು 80 ಅಡಿ ಉದ್ದ, 40 ಅಡಿ ಅಗಲದ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಏಕೆಂದರೆ 30 ಗ್ರಾಂ ಮೀರದ ಆ ಚೆಂಡನ್ನು ಹೊತ್ತು ಏರಿದ ಮೇಲಿನ ನಮ್ಮ ಕಡೆಯ ಗಾಳಿ ಹೇಳಿದ ಜಾಗಕ್ಕೆ ಹೋಗಗೊಡುತ್ತಿರಲಿಲ್ಲ.

ಆ ಟೈಲರ್ ಮಾಮನ ಕೈಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಆಡಿ ಆಡಿ ಚೆಂಡಿನ ಉಣ್ಣೆ ಎದ್ದು ಜೂಲಾದಾಗ, ಅವರು ಮಷಿನ್ ಪಕ್ಕದಲ್ಲಿ ಕುಳಿತು, ಚೆಂಡನ್ನು ಎಡಗೈ ಬೆರಳುಗಳಲ್ಲಿ ತಿರುಗಿಸುತ್ತಾ, ದೊಡ್ಡ ಕತ್ತರಿಯ ತುದಿಯಿಂದ ಎದ್ದ ಎಳೆಗಳನ್ನಷ್ಟೇ ಸವರುತ್ತಿದ್ದರು. ಒಳಗೆ ಸುತ್ತಿದ ಉಣ್ಣೆಗೆ ಕತ್ತರಿ ತಾಗಿದರೆ ಆ ಚೆಂಡಿನ ಕಥೆ ಮುಗಿದಂತೆಯೇ. 'ಡಬ್ಬಿ ಹುಲ್ಲಿನ ಮ್ಯಾಲೆ ಇಡಬ್ಯಾಡಪ್ಪಾ, ಮಂಜಿಗೆ ನೆನೆದ್ರೆ ಚೆಂಡು ಭಾರ ಆಗ್ತೈತಿ' ಎಂದು ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಆದೋನಿಗೂ ಬಳ್ಳಾರಿಗೂ ಹೋಗಿ ಆಡುತ್ತಿದ್ದರು. ಆಗ ಒಂದು ಗೇಮ್ ಎಂದರೆ 29 ಅಂಕ, ಈಗಿನಂತೆ 35 ಅಲ್ಲ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿರಬಹುದು, ಆದರೆ ಮರಳುವ ಬಸ್ಸಿನಲ್ಲಿ ಒಂದೊಂದು ಹೊಡೆತವನ್ನೂ ಊರು ಬರುವವರೆಗೆ ಮತ್ತೆ ಆಡುತ್ತಿದ್ದರು. ಆಂಧ್ರದ ಜೆ. ಪಿಚ್ಚಯ್ಯ ಅವರಿಗೆ ಬಾಲ್ ಬ್ಯಾಡ್ಮಿಂಟನ್‌ಗಾಗಿ 1970ನೇ ಸಾಲಿನ ಅರ್ಜುನ ಪ್ರಶಸ್ತಿ ಬಂದಾಗ, ನಮ್ಮ ತಂದೆ ಆ ಸುದ್ದಿಯನ್ನು ಟೈಲರ್ ಅಂಗಡಿಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದರು.

ಇಂದು ಆ ಐವರಲ್ಲಿ ಯಾರೂ ಇಲ್ಲ. ನಮ್ಮ ಮನೆಯಲ್ಲಿ ಒಂದು ಫೋಟೋ ಮಾತ್ರ ಉಳಿದಿದೆ. ಇಂಥ ಫೋಟೋ, ಪಂದ್ಯದ ಕರಪತ್ರ, ಕಪ್ಪು, ಹಳೆಯ ರಾಕೆಟ್ ಸಿರುಗುಪ್ಪ, ಕಂಪ್ಲಿ, ಕುರುಗೋಡಿನ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಇದ್ದಾವು. ಅವುಗಳ ನಕಲು ತೆಗೆಸಿ, ಗೊತ್ತಿರುವವರಿಂದ ಹೆಸರು ಬರೆಸಿ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಕಪಾಟು ಇಡಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ನನ್ನಲ್ಲಿರುವುದನ್ನು ಮೊದಲು ನಾನೇ ಕೊಡುತ್ತೇನೆ.

ಆ ಫೋಟೋದಲ್ಲಿ ಐವರು ಮೊಣಕಾಲ ಮೇಲೆ ರಾಕೆಟ್ ಅಡ್ಡ ಇಟ್ಟು ಕುಳಿತಿದ್ದಾರೆ, ಬದಲಿ ಆಟಗಾರರಿಬ್ಬರು ಹಿಂದೆ ನಿಂತಿದ್ದಾರೆ. ಕುಳಿತವರೆಲ್ಲರ ಹೆಸರನ್ನೂ ನಾನು ಬರೆದಿಟ್ಟಿದ್ದೇನೆ. ನಿಂತವರಲ್ಲಿ ಒಬ್ಬರು ಎಡಗೈಯಲ್ಲಿ ರಾಕೆಟ್ ಹಿಡಿದಿದ್ದಾರೆ, ಕೊರಳಿಗೆ ಟವೆಲ್ ಸುತ್ತಿದ್ದಾರೆ. ತೆಕ್ಕಲಕೋಟೆ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದರು ಎಂಬುದಷ್ಟೇ ನನಗೆ ನೆನಪು. ಅವರ ಮನೆಯವರು ಇದನ್ನು ಓದಿದರೆ ದಯವಿಟ್ಟು ಅವರ ಹೆಸರನ್ನು ಪತ್ರಿಕೆಗೆ ಬರೆದು ತಿಳಿಸಿ.

— ನಿವೃತ್ತ ಶಿಕ್ಷಕ, ಸಿರುಗುಪ್ಪ