ಟಿಕೆಟ್ ಚರ್ಚೆ: ಗುಂಪಿನ ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಪಕ್ಷಗಳ ಚುನಾವಣಾ ಟಿಕೆಟ್ ಹಂಚಿಕೆಯಲ್ಲಿ ಅನ್ಯಾಯ ಆಗಿದೆ ಅಂತ ಗುಂಪಿನಲ್ಲಿ ಮೆಸೇಜ್ ಜಾಸ್ತಿ ಬರುತ್ತಿವೆ. ಬೇಸರ ಅರ್ಥವಾಗುತ್ತದೆ. ಇಡೀ ಕೊಡಗಿಗೆ ಇರುವುದು ಮಡಿಕೇರಿ, ವಿರಾಜಪೇಟೆ ಎರಡೇ ವಿಧಾನಸಭಾ ಕ್ಷೇತ್ರ. ಸೋಮವಾರಪೇಟೆ ಕ್ಷೇತ್ರ 2008ರಲ್ಲೇ ಹೋಯಿತು. ಲೋಕಸಭೆಗೆ ಮೈಸೂರಿನ ಜೊತೆ ಸೇರಿದ್ದೇವೆ. ಹಾಗಾಗಿ ನಮಗೆ ಸಿಗುವ ಟಿಕೆಟ್‌ಗಳೇ ಕಡಿಮೆ. ಮಳೆಯಲ್ಲಿ ಕೊಡೆ ಹಿಡಿದು ತೋಟದ ಲೈನ್‌ಮನೆಗಳನ್ನೆಲ್ಲ ಸುತ್ತಿದ, ಮತದಾರರ ಪಟ್ಟಿ ಹಿಡಿದು ದಿನವಿಡೀ ಬೂತ್ ಮುಂದೆ ಕೂತ ಕಾರ್ಯಕರ್ತರನ್ನು ಒಂದು ಮಾತೂ ಕೇಳದೆ ಬಿ ಫಾರಂ (ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಪತ್ರ) ಬೇರೆಯವರ ಕೈ ಸೇರಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಆದರೆ ಅಭ್ಯರ್ಥಿಯನ್ನು ಹೀಗೇ ಆರಿಸಬೇಕು ಅಂತ ಪಕ್ಷಗಳಿಗೆ ಹೇಳುವ ಕಾನೂನು ನಮ್ಮಲ್ಲಿಲ್ಲ. ಎ ಫಾರಂ (ಬಿ ಫಾರಂಗೆ ಯಾರು ಸಹಿ ಹಾಕಬಹುದು ಅಂತ ಪಕ್ಷ ತಿಳಿಸುವ ಪತ್ರ), ಬಿ ಫಾರಂಗೆ ಸರಿಯಾದವರ ಸಹಿ ಇದೆಯಾ, ಸಮಯಕ್ಕೆ ಬಂತಾ ಅಂತಷ್ಟೇ ಚುನಾವಣಾಧಿಕಾರಿ ನೋಡುತ್ತಾರೆ. ಹಾಗಾಗಿ ದೂರನ್ನು ಪಕ್ಷದೊಳಗೇ ಕೊಡಬೇಕು, ಬರೆದೇ ಕೊಡಬೇಕು. ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ ಮಾತ್ರ ಪಕ್ಷ ಕಾರಣವನ್ನು ಜನರ ಮುಂದಿಡಬೇಕು. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಸಾಲದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕಾರಣ ಹೇಳುವ ಈ ನಿಯಮ ಎಲ್ಲ ಅಭ್ಯರ್ಥಿಗಳಿಗೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟು ಕೋಟಿಗೆ ಟಿಕೆಟ್ ಮಾರಿದರು ಅನ್ನುವ ವಾಯ್ಸ್ ಮೆಸೇಜ್‌ಗಳನ್ನು ದಾಖಲೆ ಇಲ್ಲದೆ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಜಾತಿ ಎಳೆದು ತರುವುದೂ ಬೇಡ. ಅಂಥವನ್ನು ಅಡ್ಮಿನ್‌ಗಳು ತೆಗೆದುಹಾಕುತ್ತೇವೆ. ನಿಮ್ಮ ಪಕ್ಷದ ಜಿಲ್ಲಾ ಘಟಕಕ್ಕೆ ಮನವಿ ಬರೆಯಲು ಸಹಾಯ ಬೇಕಾದವರು ನನಗೆ ನೇರವಾಗಿ ಮೆಸೇಜ್ ಮಾಡಿ.