ಕೋವಿ ಒಪ್ಪಿಸುವುದು ಮರ್ಯಾದೆಯ ಪ್ರಶ್ನೆಯಾಗದಿರಲಿ

ಮಾನ್ಯ ಸಂಪಾದಕರೇ,

ಮನೆಯೊಳಗೆ ಗುಂಡಿನ ಸದ್ದು ಕೇಳಿ ಜೀವ ಹೋದ ಸುದ್ದಿ ಬಂದಾಗಲೆಲ್ಲ, ‘ಆತ ಮಾನಸಿಕ ಅಸ್ವಸ್ಥನಾಗಿದ್ದ ಎನ್ನಲಾಗಿದೆ’ ಎಂಬ ಸಾಲಿನೊಂದಿಗೆ ವರದಿ ಮುಗಿಯುತ್ತದೆ. ಅಸ್ವಸ್ಥನೆಂದು ಮನೆಯವರಿಗೆ ಮೊದಲೇ ಗೊತ್ತಿತ್ತೇ, ಗೊತ್ತಿದ್ದರೆ ಕೋವಿ ಅವನ ಕೈಗೆಟುಕುವಲ್ಲಿ ಏಕೆ ಉಳಿಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಕೊಡಗಿನಲ್ಲಿ, ಕೋವಿ ಇರುವ ಮನೆಯಲ್ಲೇ ಹುಟ್ಟಿ ಬೆಳೆದ ನನ್ನನ್ನು ಈ ಪ್ರಶ್ನೆ ಬಹುಕಾಲದಿಂದ ಕಾಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೋವಿ ಕಾಡುಹಂದಿ ಓಡಿಸುವ ಸಾಧನ ಮಾತ್ರವಲ್ಲ. ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಒಡಿಕತ್ತಿಯ ಜೊತೆಗೆ ಅದನ್ನೂ ಇಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತೇವೆ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಈಡು (ಗುಂಡು), ಮನೆಯಲ್ಲಿ ಸಾವಾದರೆ ಎರಡು ಈಡು. ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗಲೂ ಈಡಿನ ಸದ್ದು ಗದ್ದೆಯಿಂದ ಗದ್ದೆಗೆ ಕೇಳಬೇಕು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷರು ನೀಡಿದ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಅಧಿಸೂಚನೆಗಳ ಮೂಲಕ ಮುಂದುವರಿದಿದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅದನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಆ ವಿನಾಯಿತಿಗೆ ಜನಾಂಗ ಮತ್ತು ಹಿಡುವಳಿಯೇ ಆಧಾರವಾಗಿರುವುದರಿಂದ, ಕೋವಿ ಹಿಡಿಯುವವನ ಮನಸ್ಸು ಹೇಗಿದೆ ಎಂದು ನೋಡುವ ಹೊಣೆ ಮನೆಯವರ ಮೇಲೇ ಬೀಳುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಪರವಾನಗಿ ಪಡೆದವರ ಸ್ಥಿತಿಯೂ ಬಹಳ ಭಿನ್ನವಾಗಿಲ್ಲ. ಮಾನಸಿಕ ಸ್ವಾಸ್ಥ್ಯವಿಲ್ಲದವರಿಗೆ ಪರವಾನಗಿ ನಿರಾಕರಿಸುವ, ಕೊಟ್ಟದ್ದನ್ನು ಅಮಾನತು ಮಾಡುವ ಅಧಿಕಾರ ಕಾಯ್ದೆಯಲ್ಲಿದೆ. ಆದರೆ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ಮನುಷ್ಯನ ಮನಸ್ಸು ಕುಸಿಯಲು ಒಂದು ಸಾವು, ಒಂದು ಸಾಲ, ಒಂದು ಮಳೆಗಾಲ ಸಾಕು. ಅರ್ಜಿಯ ದಿನ ವೈದ್ಯರು ಬರೆದುಕೊಟ್ಟ ಕಾಗದ ಆ ಹೊತ್ತಿಗೆ ಕಡತದಲ್ಲಿರುತ್ತದೆ, ಕೋವಿ ಗೋಡೆಯ ಮೇಲಿರುತ್ತದೆ.

ನನ್ನ ಚಿಕ್ಕಪ್ಪ ಚಿಕ್ಕಮ್ಮನನ್ನು ಕಳೆದುಕೊಂಡ ವರ್ಷ ಊಟ ಬಿಟ್ಟರು, ತೋಟದ ಕಡೆ ಹೋಗುವುದನ್ನೂ ಬಿಟ್ಟರು. ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದರು. ಒಂದು ಸಂಜೆ ಅಜ್ಜಿ ಯಾರೊಂದಿಗೂ ಚರ್ಚಿಸದೆ, ಜೋಡಿ ನಳಿಗೆಯ ಕೋವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೋಟಾಗಳ ಡಬ್ಬಿಯನ್ನು ಬೇರೆಯಾಗಿ ಕಟ್ಟಿ, ನನ್ನ ಕೈಯಲ್ಲಿ ಅತ್ತೆಯ ಮನೆಗೆ ಕಳುಹಿಸಿದರು. ಕೇಳಿದವರಿಗೆ ಕೋವಿಯ ಕುದುರೆ (ಟ್ರಿಗರ್) ಕೆಟ್ಟಿದೆ, ರಿಪೇರಿಗೆ ಕೊಟ್ಟಿದೆ ಎಂದು ಹೇಳಲು ನನಗೆ ತಾಕೀತು ಮಾಡಿದ್ದರು. ಚಿಕ್ಕಪ್ಪ ಚೇತರಿಸಿಕೊಳ್ಳಲು ಒಂದು ವರ್ಷವೇ ಹಿಡಿಯಿತು. ಅಜ್ಜಿ ಹೇಳಿಸಿದ ಆ ಸುಳ್ಳಿನ ಬಗ್ಗೆ ನಾನು ಈಗಲೂ ಯೋಚಿಸುತ್ತೇನೆ. ಮಗನ ಜೀವ ಉಳಿಸಲು ಸುಳ್ಳು ಏಕೆ ಬೇಕಾಯಿತೆಂದರೆ, ಕೋವಿಯನ್ನು ಬೇರೆಯವರ ವಶಕ್ಕೆ ಕೊಟ್ಟ ಗಂಡಸನ್ನು ಊರು ಬೇರೆಯೇ ರೀತಿಯಲ್ಲಿ ನೋಡುತ್ತಿತ್ತು. ಇಂದಿಗೂ ನೋಡುತ್ತದೆ. ಕೋವಿ ಹೋಗುತ್ತದೆ, ಮಾನ ಹೋಗುತ್ತದೆ ಎಂಬ ಹೆದರಿಕೆಯಿಂದ ವೈದ್ಯರ ಬಳಿ ಬಾಯಿ ಬಿಡದವರನ್ನು ನಾನು ಬಲ್ಲೆ.

ಮಾನಸಿಕ ಕಾಯಿಲೆ ಇರುವವರೆಲ್ಲ ಅಪಾಯಕಾರಿಗಳೆಂದು ನಾನು ಖಂಡಿತ ಹೇಳುತ್ತಿಲ್ಲ; ಅವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಕೋವಿಯಿಂದ ಹೆಚ್ಚಿನ ಅಪಾಯ ಇರುವುದು ಅವರ ಜೀವಕ್ಕೇ, ಅದೂ ಕೆಲವು ಕೆಟ್ಟ ದಿನಗಳಲ್ಲಿ. ಆ ದಿನಗಳಲ್ಲಿ ಆಯುಧ ದೂರವಿದ್ದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆಯಿದೆ. 2006ರಲ್ಲಿ ಇಸ್ರೇಲ್ ಸೇನೆಯು ವಾರಾಂತ್ಯದ ರಜೆಗೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂದು ನಿಯಮ ಮಾಡಿತು. ನಂತರ ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ 40ರಷ್ಟು ತಗ್ಗಿತು. ಆಯುಧವನ್ನು ಆರಾಧಿಸುವುದರಲ್ಲಿ ನಮಗಿಂತ ಹಿಂದುಳಿದ ಸೇನೆಯೇನೂ ಅದಲ್ಲ.

ನಮ್ಮಲ್ಲೂ ಇದಕ್ಕೆ ಹೊಸ ವ್ಯವಸ್ಥೆ ಕಟ್ಟಬೇಕಾಗಿಲ್ಲ. ಚುನಾವಣೆ ಘೋಷಣೆಯಾದರೆ ಪರವಾನಗಿದಾರರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ, ಮುಗಿದ ಮೇಲೆ ಹಿಂದಕ್ಕೆ ತರುತ್ತಾರೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಮನೆಯಲ್ಲೊಬ್ಬರು ಮನಸ್ಸಿನ ಕಷ್ಟದಲ್ಲಿದ್ದಾಗಲೂ ಅದೇ ರೀತಿ, ಕಾರಣ ಬರೆಸಿಕೊಳ್ಳದೆ, ಮೊಕದ್ದಮೆಯ ಭಯವಿಲ್ಲದೆ ಕೋವಿ ಇಟ್ಟುಬರಲು ಜಿಲ್ಲಾಡಳಿತ ಸ್ಪಷ್ಟ ಸುತ್ತೋಲೆ ಹೊರಡಿಸಲಿ. ವಿನಾಯಿತಿ ಇರುವವರಿಗೂ ಬೆಳೆ ರಕ್ಷಣೆಗೆ ಪರವಾನಗಿ ಪಡೆದವರಿಗೂ ಅದು ಒಂದೇ ರೀತಿ ಅನ್ವಯಿಸಲಿ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರಿಗೆ ಒಕ್ಕದ, ಅಂದರೆ ಕುಲದ ಮನೆತನದ, ಹಿರಿಯರೇ ನೆರವಾಗಿ ನಿಲ್ಲಬೇಕು. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಕೋವಿ ಮತ್ತು ತೋಟಾ ಮಾರುವ ಪ್ರತಿ ಅಂಗಡಿಯ ಗೋಡೆಯ ಮೇಲೂ ಇರಲಿ.

ಮುಂದಿನ ಕೈಲ್ ಮುಹೂರ್ತಕ್ಕೆ ಮುನ್ನ ಕೊಡವ ಸಮಾಜಗಳು ಈ ವಿಷಯವನ್ನು ಸಭೆಯಲ್ಲಿಟ್ಟು ಚರ್ಚಿಸಬೇಕೆಂದು ಕೋರುತ್ತೇನೆ. ಕರೆದರೆ, ಅಜ್ಜಿ ಕೋವಿ ಕಳುಹಿಸಿದ ಸಂಜೆಯ ವಿಷಯವನ್ನು ಅಲ್ಲಿ ಎದ್ದು ನಿಂತು ಹೇಳಲು ಸಿದ್ಧನಿದ್ದೇನೆ. ಚಿಕ್ಕಪ್ಪ ಅದಕ್ಕೆ ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು