ತಡವಾಯಿತು ಎಂದು ಬರೆದೆಯಲ್ಲ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಪಾಠ ಅರ್ಥವಾಗುತ್ತಿದೆ, ಹಾಸ್ಟೆಲಿನ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ ಎಂದೆಲ್ಲ ಬರೆದಿದ್ದೀಯ, ಸಂತೋಷ. ಆದರೆ ಸಹಿಗೆ ಮೊದಲು ಅವಸರದಲ್ಲಿ ಒಂದು ವಾಕ್ಯ ತುರುಕಿದ್ದೀಯ: "ಎಲ್ಲರಿಗೂ ಅವರವರ ಗುಂಪು ಸಿಕ್ಕಾಗಿದೆ, ನನಗೆ ಇನ್ನು ತಡವಾಯಿತು." ಉಳಿದ ಎರಡು ಪುಟಗಳನ್ನು ನೀನು ಬರೆದದ್ದೇ ಇದನ್ನು ಮುಚ್ಚಿಡಲು ಎಂದು ನನಗೆ ಅನ್ನಿಸಿತು.

ತರಗತಿ ಶುರುವಾಗಿ ಎರಡು ತಿಂಗಳೂ ಆಗಿಲ್ಲ ಮಾರಾಯ್ತಿ, ಇಷ್ಟರಲ್ಲಿ ಏನು ತಡ?

ಆ ಗುಂಪುಗಳನ್ನು ನಾನು ಬಲ್ಲೆ. ಎಷ್ಟೋ ವರ್ಷ ಕರಿಹಲಗೆಯ ಕಡೆಯಿಂದ ನಿಂತು ನೋಡಿದವಳು. ಮೊದಲ ವಾರದಲ್ಲೇ ಆರೇಳು ಮಂದಿ ಒಟ್ಟಿಗೆ ಕ್ಯಾಂಟೀನಿಗೆ ಹೋಗತೊಡಗುತ್ತಾರೆ, ಒಂದೇ ಸಾಲಿನಲ್ಲಿ ಕೂರುತ್ತಾರೆ, ಅಷ್ಟೇನೂ ನಗು ಬರಿಸದ ಮಾತಿಗೂ ಜೋರಾಗಿ ನಗುತ್ತಾರೆ. ದೂರದಿಂದ ನೋಡಿದವರಿಗೆ ಇವರು ಒಂದನೇ ತರಗತಿಯಿಂದಲೂ ಜೊತೆಗಿದ್ದವರೇ ಎನ್ನಿಸಬೇಕು. ಅವರಲ್ಲಿ ಎಷ್ಟೋ ಜನ ಒಂಟಿಯಾಗಿ ಉಳಿದುಬಿಡುತ್ತೇವೆಂಬ ಹೆದರಿಕೆಯಿಂದ ಸಿಕ್ಕವರಿಗೆ ಅಂಟಿಕೊಂಡವರು. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಆ ಸಾಲು ಒಡೆದು ಇನ್ನೆಲ್ಲೋ ಕೂಡಿಕೊಂಡಿರುತ್ತದೆ. ನಿನ್ನ ಭಯಕ್ಕೂ ಅವರ ಭಯಕ್ಕೂ ವ್ಯತ್ಯಾಸ ಇಷ್ಟೇ, ಅವರದು ಗದ್ದಲ ಮಾಡುತ್ತದೆ.

ಮನಶ್ಶಾಸ್ತ್ರ ಕಲಿಸಿದವಳ ಚಾಳಿ ಬಿಡುವುದಿಲ್ಲ, ಕ್ಷಮಿಸು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎನ್ನುವವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಅದರ ಒಂದು ಭಾಗದಲ್ಲಿ ನಿನ್ನಂತೆ ಆಗ ತಾನೇ ವಿಶ್ವವಿದ್ಯಾಲಯ ಸೇರಿದವರನ್ನೇ ಮೊದಲ ಕೆಲವು ವಾರ ಗಮನಿಸಿದ್ದರು. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತ ಗೆಳೆತನಕ್ಕೆ 200 ಗಂಟೆಗಳಿಗೂ ಹೆಚ್ಚು ಎಂದು ಅವರ ಅಂದಾಜು. ಎರಡು ತಿಂಗಳಲ್ಲಿ ಅಷ್ಟು ಕೂಡಬೇಕಾದರೆ ಒಂದು ದಿನವೂ ತಪ್ಪದೆ ಮೂರು ಗಂಟೆಗಿಂತ ಹೆಚ್ಚು ಹರಟಬೇಕು. ನಿನ್ನ ತರಗತಿಯಲ್ಲಿ ಯಾರು ಹಾಗೆ ಮಾಡಿದ್ದಾರೆ, ಎಣಿಸಿ ಹೇಳು ನೋಡೋಣ.

ಲೆಕ್ಕದಿಂದ ಹೆದರಿಕೆ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ನಾನೂ ಹೀಗೆಯೇ ಇದ್ದೆ. ಯಾರಾದರೂ ಏನಾದರೂ ಕೇಳಿದರೆ ಮನಸ್ಸಿನಲ್ಲಿ ವಾಕ್ಯ ಜೋಡಿಸಿ, ತಿದ್ದಿ, ಬಾಯಿ ತೆರೆಯುವ ಹೊತ್ತಿಗೆ ಮಾತು ಬೇರೆ ಕಡೆ ಹೊರಳಿರುತ್ತಿತ್ತು. ಮೊದಲ ವರ್ಷದ ನಡುವೆಯೇ ನಾನೂ ನಿನ್ನ ಮಾತನ್ನೇ ಹೇಳಿಕೊಂಡೆ, ಇನ್ನು ತಡವಾಯಿತು ಎಂದು. ಹೇಳಿಕೊಂಡ ಮೇಲೆ ಒಂದು ರೀತಿಯ ನೆಮ್ಮದಿಯೂ ಆಯಿತು, ಪ್ರಯತ್ನಿಸುವ ಕಷ್ಟ ತಪ್ಪಿತಲ್ಲ! ಆ ನೆಮ್ಮದಿಯಲ್ಲೇ ಪದವಿ ಮುಗಿಸಿದೆ. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬಳು, ನನ್ನಷ್ಟೇ ಮೌನಿ, ಕೊನೆಯ ಪರೀಕ್ಷೆ ಮುಗಿದು ಹೊರಗೆ ಬರುವಾಗ "ನಿನಗೆ ಜಂಬ ಎಂದುಕೊಂಡಿದ್ದೆ" ಎಂದಳು. ನಾನೂ ಅವಳ ಬಗ್ಗೆ ಹಾಗೆಯೇ ಎಣಿಸಿದ್ದೆ. ಆಮೇಲೆ ಅವಳು ಎಲ್ಲಿಗೆ ಹೋದಳೋ, ವಿಳಾಸ ಕೇಳಲೂ ನನಗೆ ಬಾಯಿ ಬರಲಿಲ್ಲ. ಈಗಲೂ ಕೆಲವೊಮ್ಮೆ ನೆನಪಾಗುತ್ತಾಳೆ.

ಇಂಥವಳು ನಿನಗೆ ಏನು ಬುದ್ಧಿ ಹೇಳುವುದು! ಆದರೂ ಹೇಳುತ್ತೇನೆ. ದಿನವೂ ಒಂದೇ ಜಾಗದಲ್ಲಿ ಕೂರು. ತರಗತಿಗೆ ಸ್ವಲ್ಪ ಮೊದಲೇ ಹೋಗು, ಇಬ್ಬರು ಮೂವರಷ್ಟೇ ಇರುವ ಹೊತ್ತಿನಲ್ಲಿ ಮಾತು ಸುಲಭ. ಇಯರ್‌ಫೋನ್ ಚೀಲದಲ್ಲಿರಲಿ. ಗುಂಪಿನೊಳಗೆ ನುಗ್ಗಬೇಕಾಗಿಲ್ಲ, ಅದು ನನ್ನಿಂದ ಇಂದಿಗೂ ಆಗದು.

ಮಾತೇ ಹೊರಡದಿದ್ದರೆ ಸುಮ್ಮನೆ ಹೋಗಿ ಕೂತಿರು, ಅದಕ್ಕೂ ಬೆಲೆಯಿದೆ. 1992ರಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಸಂಶೋಧಕರು ನಾಲ್ವರು ಯುವತಿಯರನ್ನು ಆರಿಸಿ, ಒಬ್ಬಳನ್ನು ಒಂದು ಕಾಲೇಜು ತರಗತಿಗೆ 5 ಸಲ, ಇನ್ನೊಬ್ಬಳನ್ನು 10 ಸಲ, ಮತ್ತೊಬ್ಬಳನ್ನು 15 ಸಲ ಕಳುಹಿಸಿದರು. ನಾಲ್ಕನೆಯವಳು ಹೋಗಲೇ ಇಲ್ಲ. ಹೋದವರು ಯಾರೊಂದಿಗೂ ಮಾತಾಡಲಿಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ನಾಲ್ವರ ಚಿತ್ರ ತೋರಿಸಿದಾಗ, ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾದಳು. ಬಾಯಿ ಬಿಡದೆ ಪಡೆದ ಮೆಚ್ಚುಗೆ! ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ಅಧ್ಯಾಪಕರಿಗೂ ಹೆದರಬೇಡ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು, ನೋಡಿಕೊಂಡೇ ಕೇಳು. ಬಿಡುವಿನ ಹೊತ್ತಿನಲ್ಲಿ ಯಾರಾದರೂ ಬಂದಾರೆಯೇ ಎಂದು ಬಾಗಿಲು ನೋಡುತ್ತಾ ಕೂತ ದಿನಗಳು ನನಗೂ ಇದ್ದವು.

ಇನ್ನೊಂದು ಮಾತು, ಹೇಳಲೋ ಬೇಡವೋ ಎಂದುಕೊಂಡೇ ಬರೆಯುತ್ತಿದ್ದೇನೆ. ಸಂಕೋಚ ಬೇರೆ, ಊಟ ನಿದ್ದೆ ಕೆಟ್ಟು, ತರಗತಿಗೆ ಹೊರಡುವುದೇ ಆಗದೆ ಕೋಣೆಯ ಬಾಗಿಲು ಹಾಕಿಕೊಂಡಿರುವುದು ಬೇರೆ. ಹಾಗೇನಾದರೂ ಇದ್ದರೆ ನನ್ನ ಪತ್ರಕ್ಕೆ ಕಾಯಬೇಡ, ವಿಶ್ವವಿದ್ಯಾಲಯದಲ್ಲಿ ಆಪ್ತಸಮಾಲೋಚಕರು ಇದ್ದರೆ ಅವರನ್ನು ಕಾಣು, ಇಲ್ಲವೇ ವೈದ್ಯರನ್ನು. ನನಗೂ ಫೋನ್ ಮಾಡು, ಯಾವ ಹೊತ್ತಾದರೂ ಸರಿ.

ಪ್ರಯೋಗಾಲಯದಲ್ಲಿ ನಿನ್ನ ಪಕ್ಕ ನಿಲ್ಲುವ ಹುಡುಗಿ ತುಟಿ ಬಿಚ್ಚುವುದಿಲ್ಲ ಎಂದು ದೂರಿದ್ದೀಯ. ನಿನ್ನ ಬಗ್ಗೆ ಅವಳು ತನ್ನ ಮನೆಗೆ ಏನೆಂದು ಬರೆದಿರಬಹುದು? ಜಂಬದವಳು ಎಂದಿದ್ದಾಳೋ ಏನೋ. ಮುಂದಿನ ಪ್ರಯೋಗದ ವರದಿ ಯಾವಾಗ ಕೊಡಬೇಕೆಂದು ಅವಳನ್ನೇ ಕೇಳು. ನಿನಗೆ ತಾರೀಖು ಗೊತ್ತಿದ್ದರೂ ಕೇಳು. ಅವಳ ಹೆಸರೇನೆಂದು ನನಗೆ ಬರೆ. ಕೇಳಲು ಆಗದೇ ಹೋದರೆ ಅದನ್ನೂ ಬರೆ, ನಾನು ಬೈಯುವುದಿಲ್ಲ.

ನಿನ್ನ
ದೊಡ್ಡಮ್ಮ